ಮೂಲೆಯಿಲ್ಲದ ಮನೆ

ಬಡಗಿಯ ಮನೆಯಲ್ಲಿ ಯಾವ ಸಾಮಾನಿಗೂ ಮೂಲೆ ಇರಲಿಲ್ಲ. ಊಟದ ಮೇಜು, ಕುರ್ಚಿ, ಮಂಚ, ಕಪಾಟು, ಕಡೆಗೆ ಚಪ್ಪಲಿ ಇಡುವ ಹಲಗೆಗೂ ಅವನು ಅರ ಹಾಕಿ, ಉಪ್ಪುಕಾಗದದಿಂದ ಉಜ್ಜಿ ಉಜ್ಜಿ, ಸವೆದ ಸೋಪಿನ ಹಾಗೆ ಗುಂಡಗೆ ಮಾಡಿಟ್ಟಿದ್ದ. ಬಂದವರು ಅವುಗಳ ಮೇಲೆ ಕೈಯಾಡಿಸಿ, "ಅಬ್ಬಾ, ಎಂಥ ನಾಜೂಕು!" ಎಂದು ಹೊಗಳಿ ಹೋಗುತ್ತಿದ್ದರು. ನಾಜೂಕೂ ಇಲ್ಲ, ಮಣ್ಣೂ ಇಲ್ಲ. ಅದು ಹೆದರಿಕೆ. ಹೆದರಿಕೆಗೆ ಅಷ್ಟು ಚೆನ್ನಾಗಿ ಪಾಲಿಶ್ ಹೊಡೆದ ಮನೆ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಹೆದರಿಕೆಗೆ ಕಾರಣ ಮಗ. ಹನ್ನೆರಡು ವರ್ಷದವನು. ಅವನ ಕಾಯಿಲೆಯನ್ನು ಡಾಕ್ಟರು ಹಿಮೋಫಿಲಿಯಾ ಅನ್ನುತ್ತಿದ್ದರು, ಅಜ್ಜಿ ಕುಸುಮರೋಗ ಅನ್ನುತ್ತಿದ್ದಳು. ಹೆಸರೇನೋ ಹೂವಿನದು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಅವನ ಮೈಯಲ್ಲಿಲ್ಲ. ಚೂರು ಗೀರಿದರೂ ರಕ್ತ ಕಾರಂಜಿಯಂತೆ ಚಿಮ್ಮುತ್ತದೆ ಎಂದು ಬೀದಿಯವರು ನಂಬಿದ್ದರು. ಹಾಗೇನಿಲ್ಲ, ಎಲ್ಲರಿಗೂ ಬರುವಷ್ಟೇ ಬರುತ್ತದೆ, ಬೇಗ ನಿಲ್ಲುವುದಿಲ್ಲ ಅಷ್ಟೇ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ರಕ್ತ. ಮಂಡಿಗೋ ಮೊಣಕೈಗೋ ಏಟು ಬಿದ್ದರೆ ಒಳಗೊಳಗೇ ಸೋರಿ, ಸಂದು ಊದಿಕೊಂಡು, ಕಾಲು ಮಡಿಸುವುದಕ್ಕೂ ಆಗದು, ಚಾಚುವುದಕ್ಕೂ ಆಗದು. ಅದನ್ನು ತಡೆಯಲು ಅಮ್ಮ ವಾರಕ್ಕೆರಡು ಸಲ ಅವನ ನರಕ್ಕೆ ಫ್ಯಾಕ್ಟರ್ ಅನ್ನುವ ಔಷಧಿ ಚುಚ್ಚುತ್ತಿದ್ದಳು.

ಸೂಜಿಯ ಡಬ್ಬಿ ಅವಳ ಕಪಾಟಿನಲ್ಲಿ, ಅವಳ ಸೀರೆಗಳ ಕೆಳಗೆ. ಅದನ್ನು ಬಡಗಿಯೂ ಮುಟ್ಟುವಂತಿರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಬಿಟ್ಟು ಬಂದಮೇಲೆ ಅವಳಿಗೆ ಮಗನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೇ ಉದ್ಯೋಗವಾಗಿತ್ತು. ಈ ಕಾಯಿಲೆ ತಾಯಿಯ ಕಡೆಯಿಂದ ಬರುವಂಥದ್ದು. ಅವಳ ಅಣ್ಣ ಹುಡುಗನಾಗಿದ್ದಾಗಲೇ ಇದರಿಂದ ಸತ್ತಿದ್ದ. ನಡುಮನೆಯ ಗೋಡೆಯ ಮೇಲೆ ಅವನ ಫೋಟೋ ಇತ್ತು. "ನಮ್ಮ ವಂಶದಲ್ಲಿ ಇದೆಲ್ಲ ಇರಲಿಲ್ಲಮ್ಮ. ತವರಿನಿಂದ ಇವಳು ತಂದದ್ದು ಇದೊಂದೇ," ಎಂದು ಅಜ್ಜಿ, ಎಂದರೆ ಬಡಗಿಯ ತಾಯಿ, ಹಾಲಿನವಳಿಗೂ ಹೇಳುತ್ತಿದ್ದಳು. ಅಮ್ಮ ಅದನ್ನು ಕೇಳಿಸಿಕೊಂಡು, ಹೋಗಿ ಮಗನ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಎಲ್ಲಿಯಾದರೂ ಬಿಸಿ ಇದೆಯಾ, ಎಲ್ಲಿಯಾದರೂ ಊದಿದೆಯಾ ಎಂದು. ಹುಡುಗನಿಗೆ ಆ ಬೆರಳುಗಳನ್ನು ಕಂಡರೆ ಮೈ ಉರಿಯುತ್ತಿತ್ತು.

ಶಾಲೆಯಲ್ಲಿ ಅವನ ಹೆಸರು ಗಾಜು. ಆಟದ ಪೀರಿಯಡ್ಡಿನಲ್ಲಿ ಆಟದ ಮೇಷ್ಟ್ರು ಅವನನ್ನು ಮರದಡಿ ಕುರ್ಚಿಯ ಮೇಲೆ ಕೂರಿಸಿ, ಉಳಿದವರ ಬೂಟುಚೀಲಗಳನ್ನು ಕಾಯಲು ಹೇಳುತ್ತಿದ್ದರು. "ಲೇ ಗಾಜು, ನಮ್ ಚೀಲ ಒಡೆದ್ರೂ ಪರ್ವಾಗಿಲ್ಲ, ನೀನ್ ಒಡೀಬೇಡಪ್ಪ!" ಎಂದು ಹುಡುಗರು ನಗುತ್ತ ಓಡುತ್ತಿದ್ದರು. ಅವನನ್ನು ಯಾರೂ ಹೊಡೆಯುತ್ತಿರಲಿಲ್ಲ. ಯಾರೂ ಎಳೆದಾಡುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಒಂದೇ ಒಂದು ಸರಿಯಾದ ಜಗಳವೂ ಸಿಕ್ಕಿರಲಿಲ್ಲ ಅಂದರೆ ಅವನ ಹೊಟ್ಟೆಯೊಳಗಿನ ಕೋಪ ಎಲ್ಲಿಗೆ ಹೋಗಬೇಕು?

ಮನೆಗೆ ಹೋಗುತ್ತಿತ್ತು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಅದು ಬೇರೆಯವರ ವಿಷಯದಲ್ಲಿ ಬರೀ ನಗೆಗೇಡು. ಈ ಹುಡುಗ ಪರಚಿಕೊಳ್ಳುತ್ತೇನೆ ಅಂದರೆ ಇಡೀ ಮನೆ ನಡುಗುತ್ತಿತ್ತು. "ತಲೆ ಚಚ್ಕೊತೀನಿ ನೋಡು!" ಅಷ್ಟು ಹೇಳಿದರೆ ಸಾಕು, ಟಿವಿ ಅವನದು, ಬೆಳಗಿನ ಶಾಲೆ ರದ್ದು, ಅಕ್ಕನ ಪಾಲಿನ ಸಿಹಿಯೂ ಅವನದು. ಒಂದು ದಿನ ನಿಜವಾಗಿಯೂ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಮೇಜಿನ ಹತ್ತಿರ ಹೋದ, ಗುಂಡಗಿತ್ತು. ಕಪಾಟು ನೋಡಿದ, ಗುಂಡಗಿತ್ತು. ಮಂಚದ ಕಾಲಿಗೆ ಅಮ್ಮ ಹತ್ತಿಯ ಬಟ್ಟೆ ಸುತ್ತಿದ್ದಳು. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಜಾಗ ಬಿಟ್ಟಿಲ್ಲವಲ್ಲ ಎಂದು ಅವನು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅದರ ಸದ್ದಿನಲ್ಲಿ ಅತ್ತ. ಅವನಿಗೆ ತನ್ನನ್ನು ಕಂಡರೆ ತನಗೇ ಹೇಸಿಗೆ. ನಾನೊಬ್ಬ ಇರದಿದ್ದರೆ ಇವರಿಗೆಲ್ಲ ಎಷ್ಟು ಆರಾಮಾಗಿರುತ್ತಿತ್ತು ಅಂತಲೂ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಆ ಮಾತಿಗೂ ಉಪ್ಪುಕಾಗದ ಹಾಕಿ ಉಜ್ಜಿಬಿಡುತ್ತಾರೆ.

ಅವನಿಗೆ ಬೇಕಾಗಿದ್ದುದು ಒಂದೇ. ಮನೆಯ ಹಿಂದಿನ ಶೆಡ್ಡು, ಅಪ್ಪನ ಕೆಲಸದ ಜಾಗ. ಅಲ್ಲಿ ಗರಗಸಗಳಿದ್ದವು, ಸಾಲಾಗಿ ತೂಗುಹಾಕಿದ ಉಳಿಗಳಿದ್ದವು, ಕಾಲಿಟ್ಟರೆ ಹೂತುಹೋಗುವಷ್ಟು ಮರದ ಹೊಟ್ಟಿತ್ತು. ಅವನು ಅದರೊಳಗೆ ಹೋಗುವಂತಿರಲಿಲ್ಲ. ಬಡಗಿ ಕೆಲಸ ಕಲಿಸುತ್ತಿದ್ದುದು ಮಗಳಿಗೆ. ಹದಿನಾರರ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಸಂಜೆ ಅವಳು ತಲೆಗೂದಲಲ್ಲಿ ಹೊಟ್ಟು ಹೊತ್ತುಕೊಂಡು ಒಳಗೆ ಬಂದರೆ ಇವನಿಗೆ ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತಿತ್ತು.

"ಅಪ್ಪ, ನಾನೂ ಬರ್ತೀನಿ," ಎಂದು ಅವನು ಎಷ್ಟೋ ಸಲ ಕೇಳಿದ್ದ.

"ನೋಡೋಣ, ನೋಡೋಣ, ದೊಡ್ಡೋನಾಗು," ಎಂದು ಬಡಗಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಹೆಂಡತಿಯ ಮುಖ ನೋಡುತ್ತಿದ್ದ.

ಒಂದು ರಜೆಯ ದಿನ ಮಧ್ಯಾಹ್ನ ಬಡಗಿ ಯಾರದೋ ಮನೆಗೆ ಬಾಗಿಲು ಕೂರಿಸಲು ಹೋಗಿದ್ದ. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಮಗ ಮಲಗಿದ್ದಾನೆ ಎಂದುಕೊಂಡು ಅಮ್ಮ ಸ್ನಾನಕ್ಕೆ ಹೋದಳು. ಅವನು ಹಿತ್ತಿಲ ಬಾಗಿಲು ತೆಗೆದು ನೇರ ಶೆಡ್ಡಿಗೆ ನಡೆದ.

ಅಕ್ಕ ಉಳಿ ಹಿಡಿದು ಎರಡು ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸುತ್ತಿದ್ದಳು. ತಲೆ ಎತ್ತಿ ನೋಡಿ, "ಇಲ್ಲಿಗ್ ಯಾಕೋ ಬಂದೆ? ಅಮ್ಮ ನೋಡಿದ್ರೆ ನನ್ ಚರ್ಮ ಸುಲೀತಾಳೆ. ಹೋಗ್ ಒಳಗೆ," ಅಂದಳು.

"ಉಳಿ ಕೊಡು."

"ಕೊಡಲ್ಲ."

"ಕೊಡದಿದ್ರೆ ತಲೆ ಚಚ್ಕೊತೀನಿ."

ಅವಳು ಉಳಿ ಕೆಳಗಿಟ್ಟಳು. ಅವನು ಗೆದ್ದೆ ಅಂದುಕೊಂಡ.

"ಎಲ್ಲಿಗೆ?" ಅಂತ ಕೇಳಿದಳು.

"ಏನ್ ಎಲ್ಲಿಗೆ?"

"ಎಲ್ಲಿಗ್ ಚಚ್ಕೊತೀಯ ಅಂತ. ಗೋಡೆಗಾ, ಮೇಜಿಗಾ? ಮೇಜಿಗಾದ್ರೆ ಒಂಚೂರ್ ತಡಿ, ನನ್ ಸಾಮಾನು ತೆಗೀತೀನಿ."

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಅಮ್ಮಂಗ್ ಹೇಳ್ತೀನಿ."

"ಹೇಳು. ಹೇಳೋದೇ ತಾನೆ ನಿನ್ ಕೆಲಸ. ನಂಗ್ ಜ್ವರ ಬಂದ್ರೆ ಮಾತ್ರೆ ನುಂಗಿ ಮಲ್ಕೋ ಅಂತಾರೆ. ಪರೀಕ್ಷೇಲಿ ಫಸ್ಟ್ ಬಂದ್ರೆ 'ಶ್, ತಮ್ಮ ಮಲಗಿದ್ದಾನೆ.' ನಾನ್ ಒಂದ್ಸಲ ಜೋರಾಗ್ ಬಾಗಿಲು ಹಾಕಿಲ್ಲ ಈ ಮನೇಲಿ, ಗೊತ್ತಾ? ನಂಗ್ ಸಾಕಾಗಿದೆ. ಚಚ್ಕೋ. ನಾನ್ ನೋಡ್ತೀನಿ."

ಅವಳ ಕಣ್ಣಲ್ಲಿ ಕರುಣೆ ಇರಲಿಲ್ಲ. ಅವನು ಹುಟ್ಟಿದಾಗಿನಿಂದ ಯಾರಲ್ಲಾದರೂ ನೋಡಬೇಕೆಂದು ಹಂಬಲಿಸಿದ್ದ ಶುದ್ಧ ಸಿಟ್ಟು ಅಲ್ಲಿತ್ತು, ಕಂಡಾಗ ಸಹಿಸಲಾಗಲಿಲ್ಲ. ತಲೆಗೆ ಪೆಟ್ಟಾದರೆ ಮಾವನ ಹಾಗೆ ಫೋಟೋ ಆಗಿಬಿಡುತ್ತೇನೆ ಎಂಬ ಬುದ್ಧಿ ಅವನಿಗಿತ್ತು. ಆದ್ದರಿಂದ ಮಂಡಿಯನ್ನು ಆರಿಸಿಕೊಂಡ. ಕೆಲಸದ ಮೇಜಿನ ಕಾಲು ದಪ್ಪ ತೊಲೆಯದು, ಅಂಚು ಚೂಪಾಗಿತ್ತು. ಅಪ್ಪ ಅರ ಹಾಕದೆ ಬಿಟ್ಟಿದ್ದ ಒಂದೇ ಮೂಲೆ ಅದು. ಎರಡು ಕೈಯಲ್ಲಿ ಮೇಜನ್ನು ಹಿಡಿದುಕೊಂಡು, ಕಾಲು ಹಿಂದಕ್ಕೆ ಎಳೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮಂಡಿಯನ್ನು ಆ ಅಂಚಿಗೆ ಅಪ್ಪಳಿಸಿದ.

ಮೊದಲು ಬಂದದ್ದು ಎಲ್ಲರಿಗೂ ಬರುವಂಥ ನೋವು. ಆಮೇಲೆ ಒಳಗೆ ಏನೋ ಬೆಚ್ಚಗೆ ಹರಿದಾಡಿದ ಹಾಗಾಯಿತು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ಅತಿಥಿ. ಅಕ್ಕ ಬಿಳುಚಿಕೊಂಡು ಐಸು ತರಲು ಓಡಿದಳು, ಓಡುತ್ತಲೇ "ಅಮ್ಮಾ!" ಎಂದು ಕೂಗಿದಳು.

ಅಮ್ಮ ಒದ್ದೆ ಕೂದಲಲ್ಲೇ ಬಂದಳು, ಹಿಂದೆಯೇ ಐಸು ಹಿಡಿದ ಅಕ್ಕ. ಬೇರೆ ಮನೆಗಳಲ್ಲಿ ಮಗು ಬಿದ್ದರೆ "ಏನಾಯ್ತು?" ಎಂದು ಕೇಳುತ್ತಾರೆ. ಅಮ್ಮ ಕೇಳಿದ್ದು, "ಯಾರು?"

ಅವನು ಹೊಟ್ಟಿನ ಮೇಲೆ ಬಿದ್ದುಕೊಂಡು ಅಕ್ಕನನ್ನು ನೋಡಿದ. "ಅಕ್ಕ ತಳ್ಳಿದ್ಲು," ಅಂದ.

ಅಮ್ಮ ಅಲ್ಲೇ ಮಗಳ ಕೆನ್ನೆಗೆ ಬಾರಿಸಿದಳು. ಅವಳ ಕೈಯಲ್ಲಿದ್ದ ಐಸಿನ ಚೂರುಗಳು ಹೊಟ್ಟಿನಲ್ಲಿ ಚೆಲ್ಲಿದವು.

"ನಾನ್ ತಳ್ಳಿಲ್ಲ. ಅವನೇ ಹೊಡ್ಕೊಂಡ," ಅಂದಳು ಅಕ್ಕ.

"ಯಾರಾದ್ರೂ ತಮ್ ಮಂಡಿ ತಾವೇ ಒಡ್ಕೋತಾರೇನೇ? ಕೊಲೆಗಾತಿ!"

ದಿನಕ್ಕೊಂದು ಸಲ ಮಗ ಹೆದರಿಸುತ್ತಿದ್ದುದು ಅದನ್ನೇ ಹೇಳಿ ಎಂಬುದು ಆ ಹೊತ್ತಿಗೆ ಅಮ್ಮನಿಗೆ ಮರೆತುಹೋಗಿತ್ತು. ಅಕ್ಕ ಬಗ್ಗಿ ಐಸಿನ ಚೂರುಗಳನ್ನು ಹೆಕ್ಕತೊಡಗಿದಳು. ಚಚ್ಕೋ ಎಂದು ಹೇಳಿದ್ದು ತಾನೇ ಎಂಬುದು ಅವಳ ವಾದಕ್ಕೆ ಅಡ್ಡ ಬಂದಿರಬೇಕು. ಸಂಜೆ ಬಡಗಿ ಬಂದು ಎಲ್ಲ ಕೇಳಿದ. ಅವನು ಬೈಯುವ ಗಂಡಸಲ್ಲ, ಬೈದಿದ್ದರೇ ಚೆನ್ನಾಗಿತ್ತು. ಶೆಡ್ಡಿಗೆ ಬೀಗ ಹಾಕಿ, ಮಗಳ ಮುಖ ನೋಡದೆ, "ನಾಳೆಯಿಂದ ನೀನ್ ಬರ್ಬೇಡಮ್ಮ," ಅಂದ.

ಅಜ್ಜಿ ಮಾತ್ರ ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಎದ್ದು ಕೂತಿದ್ದಳು. "ಹೆಣ್ ಹುಡುಗಿ ಕೈಗೆ ಉಳಿ ಕೊಟ್ರೆ ಇನ್ನೇನಾಗುತ್ತೆ," ಅಂದಳು.

ಹುಡುಗ ಮಲಗಿದಲ್ಲೇ ಎಲ್ಲವನ್ನೂ ಕೇಳಿಸಿಕೊಂಡ. ಅವನ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ಅಳುವ ಸದ್ದೂ ಬರಲಿಲ್ಲ. ನಿಜ ಹೇಳಿದರೆ ಅಕ್ಕನಿಗೆ ಶೆಡ್ಡು ವಾಪಸು ಸಿಗುತ್ತದೆ. ಆದರೆ ತನಗೆ? ತಾನೇ ಹೊಡೆದುಕೊಂಡೆ ಎಂದು ತಿಳಿದರೆ ಅಮ್ಮ ಬಚ್ಚಲಿಗೂ ಹಿಂದೆ ಬರುತ್ತಾಳೆ, ಸಾಯುವವರೆಗೂ ಬಿಡುವುದಿಲ್ಲ. ಅವನು ಗೋಡೆಯ ಕಡೆ ತಿರುಗಿ ಬಾಯಿಗೆ ಬೀಗ ಹಾಕಿಕೊಂಡ.

ಅಮ್ಮ ಫ್ಯಾಕ್ಟರ್ ಕೊಟ್ಟಿದ್ದರೂ ಬೆಳಗ್ಗೆ ಮಂಡಿ ಚಿಕ್ಕ ಕುಂಬಳದಷ್ಟಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಈ ಕಾಯಿಲೆಯ ಮಕ್ಕಳಿಗೆಂದೇ ಅಲ್ಲಿ ಒಂದು ಉದ್ದನೆಯ ಕೋಣೆ, ಅದರ ಯಜಮಾನಿಕೆ ಒಬ್ಬ ನರ್ಸಮ್ಮನದು. ಮಕ್ಕಳು ಅವಳನ್ನು ಗದರಮ್ಮ ಎಂದು ಕರೆಯುತ್ತಿದ್ದರು, ಅವಳ ಎದುರಿಗೇ. ಡಾಕ್ಟರು ಬಂದು ಮಂಡಿ ನೋಡಿ, ಇನ್ನೊಂದು ಸಲ ಫ್ಯಾಕ್ಟರ್ ಕೊಡಿ ಎಂದು ಹೇಳಿ ಹೋದರು. ಬಡಗಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅಮ್ಮ ಅಭ್ಯಾಸದಂತೆ ಮಗನ ತೋಳು ಹಿಡಿದುಕೊಂಡಳು.

"ನೀವ್ ಪಕ್ಕಕ್ಕೆ ಸರೀರಿ," ಅಂದಳು ಗದರಮ್ಮ. "ಎಲ್ಲಿ, ಸೂಜಿ ನೀನೇ ಹಾಕ್ಕೋ ನೋಡೋಣ."

"ನಾನಾ?"

"ಇನ್ಯಾರು, ನಿಮ್ಮಜ್ಜಿನಾ? ಹೋದ ವರ್ಷವೇ ಕಲಿಸ್ತೀನಿ ಅಂತ ನಿಮ್ಮಮ್ಮಂಗ್ ಅಂದಿದ್ನಲ್ಲ. ಆ ಮಂಚದಲ್ಲಿ ಕೂತಿದೆಯಲ್ಲ ಹಲ್ಲು ಬಿದ್ದಿರೋ ಮರಿ, ಅವನೇ ಕಲೀತಿದಾನೆ. ನಿಂಗೇನ್ ಸೂಜಿ ಕಂಡ್ರೆ ಅಷ್ಟು ಭಯ?"

"ನಂಗ್ ಭಯ ಇಲ್ಲ."

"ಮತ್ತೆ ಬೇಡ ಬೇಡ ಅಂತ ಅಳ್ತಾನೆ ಅಂದ್ರು ನಿಮ್ಮಮ್ಮ? ಈಜಿಗೆ ಕಳಿಸಿ ಅಂದ್ರು ಡಾಕ್ಟ್ರು, ಅದಕ್ಕೂ ನೀನೇ ಒಲ್ಲೆ ಅಂದ್ಯಂತೆ. ಅಪ್ಪನ್ ಜೊತೆ ಚಿಕ್ಕಪುಟ್ಟ ಕೆಲಸ ಮಾಡ್ಲಿ, ಮಾಂಸಖಂಡ ಗಟ್ಟಿಯಾದ್ರೆ ಸಂದಿಗೆ ಕಾವಲು ಅಂದ್ರು. ಅದೂ ಬೇಡ್ವಂತೆ!"

ಇದ್ಯಾವುದನ್ನೂ ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಹುಡುಗ ಅಮ್ಮನ ಕಡೆ ತಿರುಗಿದ. ಅಮ್ಮ ಅವನ ತೋಳನ್ನು ಬಿಟ್ಟು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಇಲ್ಲ ಅನ್ನಲಿಲ್ಲ.

ಮರದಡಿಯ ಕುರ್ಚಿ, ಬೂಟುಚೀಲಗಳು, ಬೀಗ ಹಾಕಿದ ಶೆಡ್ಡು. ಇಷ್ಟು ದಿನ ಇದನ್ನೆಲ್ಲ ರಕ್ತ ಮಾಡಿತು ಅಂದುಕೊಂಡಿದ್ದ. ಅವನು ನಿಜ ಹೇಳಿದ್ದು ಒಳ್ಳೆಯತನಕ್ಕಲ್ಲ, ಯಾರೂ ಅವನಿಗೆ ಆ ಪುಣ್ಯ ಕಟ್ಟಬಾರದು. ಕೈಗೆ ಸಿಕ್ಕಿದ್ದರಲ್ಲಿ ಅತ್ಯಂತ ಚೂಪಾದ ಮಾತನ್ನು ಎತ್ತಿ ಎಸೆದ, ಅಷ್ಟೇ.

"ಅಕ್ಕ ತಳ್ಳಿಲ್ಲ," ಅಂದ. "ನಾನೇ ಹೊಡ್ಕೊಂಡಿದ್ದು. ಬೇಕಂತ. ನಿಂಗ್ ನೋವಾಗ್ಲಿ ಅಂತ."

"ಸುಳ್ಳು," ಅಂದಳು ಅಮ್ಮ, ನರ್ಸಿಗೆ. "ನೋವಲ್ಲಿ ಏನೇನೋ ಮಾತಾಡ್ತಾನೆ."

"ನಿಜ! ತಲೆಗೇ ಹೊಡ್ಕೋಬೇಕು ಅಂತಿದ್ದೆ. ಎಷ್ಟೋ ದಿನ ಅನ್ಸುತ್ತೆ, ನಾನ್ ಇರೋದೇ ಬೇಡ ಅಂತ. ಆದ್ರೆ ಮನೇಲಿ ಒಂದ್ ಮೂಲೇನೂ ಇಲ್ವಲ್ಲ!"

ಹಲ್ಲು ಬಿದ್ದ ಹುಡುಗ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿ ನೋಡಿದ. ಗದರಮ್ಮ ಮೊದಲ ಸಲ ಗದರಲಿಲ್ಲ. ಪರದೆ ಎಳೆದು, ಸ್ಟೂಲು ಹಾಕಿಕೊಂಡು ಕುಳಿತಳು.

"ಮಂಡಿಗೆ ಐಸ್ ಇಡ್ತೀವಿ. ಇವ್ನ್ ಈಗ್ ಆಡಿದ ಮಾತಿಗೆ ಏನ್ ಇಡ್ತೀರಿ, ಅಮ್ಮ?" ಅಂದಳು. "ಮೇಲ್ಗಡೆ ಮಕ್ಕಳ ಹತ್ರ ಮಾತಾಡೋಕೇ ಒಬ್ಬ ಡಾಕ್ಟ್ರಮ್ಮ ಇದಾರೆ. ಇವತ್ತೇ ಹೋಗ್ಬೇಕು, ಇವ್ನ್ ಒಬ್ನೇ ಅಲ್ಲ. ನೀವೂ."

"ನನ್ ಮಗನಿಗೇನ್ ಹುಚ್ಚಾ?"

"ಹುಚ್ಚಲ್ಲ. ಮಂಡಿ ಊದಿದ್ರೆ ಕಾಣುತ್ತೆ, ಮನಸ್ಸು ಊದಿದ್ರೆ ಕಾಣಲ್ಲ. ಮುಟ್ ಮುಟ್ ನೋಡ್ತೀರಲ್ಲ ದಿನಾ, ಇದನ್ನ ಯಾವತ್ತಾದ್ರೂ ಮುಟ್ಟಿದೀರಾ?"

ಅಮ್ಮನಿಗೆ ಸಿಟ್ಟು ಬಂತು. ಎದ್ದು ನಿಂತಳು, ಚೀಲ ಎತ್ತಿಕೊಂಡಳು, ಹೊರಟೇ ಬಿಡುವವಳ ಹಾಗೆ ಪರದೆಯ ತುದಿ ಹಿಡಿದಳು. ಹಿಡಿದವಳು ಅಲ್ಲೇ ನಿಂತುಬಿಟ್ಟಳು. ಬೆನ್ನು ಮಗನ ಕಡೆಗಿತ್ತು.

"ನಂಗೂ ಹಾಗೇ ಅಂದಿದ್ರು," ಅಂದಳು.

"ಏನಂತ?"

"ನಾನೇ ತಳ್ಳಿದ್ದು ಅಂತ. ಅಣ್ಣ ಮೆಟ್ಲಿಂದ ಬಿದ್ದಾಗ. ನಾನ್ ತಳ್ಳಿರ್ಲಿಲ್ಲ. ಯಾರೂ ನಂಬ್ಲಿಲ್ಲ. ನಮ್ಮಮ್ಮ ಸಾಯೋವರ್ಗೂ ನಂಬ್ಲಿಲ್ಲ."

ಹುಡುಗನಿಗೆ ಫೋಟೋದ ಮಾವ ನೆನಪಾದ. ಆ ಫೋಟೋದ ಹಿಂದೆ ಇಷ್ಟೊಂದು ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಪಾಪ ಅನ್ನಿಸಬೇಕಿತ್ತು, ಒಂದು ಕ್ಷಣ ಅನ್ನಿಸಿತು ಕೂಡ. ಆದರೆ ಅವನು ಅಮ್ಮನ ಮಗ, ಬಿಡುವ ಜಾತಿಯಲ್ಲ.

"ಮತ್ತೆ ನೀನ್ ಯಾಕ್ ಅಕ್ಕಂಗ್ ಹೊಡ್ದೆ?" ಎಂದು ಕೇಳಿದ.

ಪರದೆಯನ್ನು ಹಿಡಿದ ಅಮ್ಮನ ಕೈ ಕೆಳಗೆ ಬಂತು. ಅವಳು ತಿರುಗಿ ಬಂದು, ಸೂಜಿಯ ತಟ್ಟೆಯನ್ನು ಮಗನ ಕಡೆ ತಳ್ಳಿ, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಅವನು ಮೊದಲ ಸಲ ಚುಚ್ಚಿದ್ದು ತಪ್ಪಿತು. ಅಮ್ಮನ ಬಾಯಿಂದ ಸದ್ದು ಬಂತು. ಗದರಮ್ಮ ಕಣ್ಣು ಕೆಕ್ಕರಿಸಿದಳು, ಸದ್ದು ನಿಂತಿತು. ಎರಡನೆಯ ಸಲ ನರ ಸಿಕ್ಕಿತು. ಕೊಳವೆಯಲ್ಲಿ ಒಂದಿಷ್ಟು ಕೆಂಪು ಏರಿ ಬಂದಾಗ ಅವನು ತನ್ನ ರಕ್ತವನ್ನು ಅಸಹ್ಯವಿಲ್ಲದೆ ನೋಡಿದ.

ಆ ಮಧ್ಯಾಹ್ನ ಇಬ್ಬರೂ ಮೇಲಿನ ಮಹಡಿಗೆ ಹೋದರು, ಆಮೇಲೂ ವಾರವಾರ ಹೋದರು. ಡಾಕ್ಟರಮ್ಮನ ಹತ್ತಿರ ಅವನು ಮೊದಲ ದಿನ ಬಾಯಿ ಬಿಡಲಿಲ್ಲ, ಎರಡನೆಯ ಸಲ ಬೈದ, ಆಮೇಲೆ ಸ್ವಲ್ಪ ಸ್ವಲ್ಪ ಮಾತಾಡಿದ. ಮನೆಯೇನೂ ಸ್ವರ್ಗವಾಗಲಿಲ್ಲ. ಅಜ್ಜಿಯ ನಾಲಿಗೆಗೆ ಯಾವ ಡಾಕ್ಟರೂ ಇರಲಿಲ್ಲ.

ಮಂಡಿ ಇಳಿದು, ಊರುಗೋಲಿನಲ್ಲಿ ಓಡಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಹುಡುಗ ಶೆಡ್ಡಿನ ಹತ್ತಿರ ಹೋದ. ಬಾಗಿಲು ತೆರೆದಿತ್ತು. ನಿಜ ತಿಳಿದು ಆಸ್ಪತ್ರೆಯಿಂದ ಬಂದ ದಿನವೇ ಬಡಗಿ ಬೀಗದ ಕೈಯನ್ನು ಮಗಳ ತಟ್ಟೆಯ ಪಕ್ಕ ಇಟ್ಟಿದ್ದ, ಕ್ಷಮಿಸು ಅನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಈಗ ಅವಳು ಒಂದು ತುದಿಯಲ್ಲಿ ಹಲಗೆಗೆ ಗೆರೆ ಎಳೆಯುತ್ತಿದ್ದಳು. ಬಡಗಿ ದೊಡ್ಡ ಅರ ಹಿಡಿದು, ಕೆಲಸದ ಮೇಜಿನ ಕಾಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ.

"ಅದನ್ನ ಮುಟ್ಬೇಡಪ್ಪ," ಅಂದ ಹುಡುಗ.

"ಇದೊಂದ್ ಉಳ್ಕೊಂಡಿದೆ ಕಣೋ. ಮತ್ತೆ ತಗುಲಿದ್ರೆ?"

"ತಗುಲಿದ್ರೆ ಸೂಜಿ ನಾನೇ ಹಾಕ್ಕೋತೀನಿ."

ಬಡಗಿ ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಲು ತಿರುಗಿದ. ಅವಳು ಅಲ್ಲಿರಲಿಲ್ಲ. ಅರವನ್ನು ಕೈಯಲ್ಲಿ ಹಿಂದೆ ಮುಂದೆ ಮಾಡಿ, ಕಡೆಗೆ ಮೊಳೆಗೆ ತೂಗುಹಾಕಿದ.

ಹುಡುಗ ಸ್ಟೂಲಿನ ಮೇಲೆ ಕುಳಿತು ಅಕ್ಕನ ಮುಂದೆ ಕೈ ಚಾಚಿದ. ಅವಳು ಅವನ ಕೈಗೆ ಒಂದು ಹಲಗೆಯ ಚೂರು, ಒಂದು ಉಪ್ಪುಕಾಗದ ಹಾಕಿದಳು.

"ಉಳಿ?"

"ಮೊದ್ಲು ಇದನ್ನ ಉಜ್ಜು. ಇನ್ನೊಂದ್ಸಲ ನನ್ ಮೇಲೆ ಸುಳ್ ಹೇಳಿದ್ರೆ ನಿಜವಾಗ್ಲೂ ತಳ್ತೀನಿ."

"ತಳ್ಳು ನೋಡೋಣ."

"ತಳ್ತೀನಿ."

ಅವನು ತಲೆ ತಗ್ಗಿಸಿ ಉಜ್ಜತೊಡಗಿದ. ನಗು ಬರುತ್ತಿತ್ತು, ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. ಇಷ್ಟು ದಿನವಾದರೂ ಅಕ್ಕ ಅವಳೊಡನೆ ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಿರಲಿಲ್ಲ. ಅಮ್ಮ ಮಗನ ಮಂಡಿಯನ್ನು ನೋಡಿದಳು, ಮೇಜಿನ ಚೂಪು ಕಾಲನ್ನು ನೋಡಿದಳು, ಆಮೇಲೆ ಮಗಳ ಕೆನ್ನೆಯನ್ನು ನೋಡಿದಳು. ಅಲ್ಲಿ ಈಗ ಯಾವ ಗುರುತೂ ಇರಲಿಲ್ಲ.

"ನೀನ್ ತಳ್ಳಿರ್ಲಿಲ್ಲ," ಅಂದಳು. "ನಂಗೊತ್ತಿತ್ತು. ಹೊಡೆಯುವಾಗ್ಲೂ ಗೊತ್ತಿತ್ತು ಅನ್ಸುತ್ತೆ."

ಅಕ್ಕ ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಗೆರೆ ಮುಗಿದ ಮೇಲೆ, ತಲೆ ಎತ್ತದೆ, "ಬೆಳಕಿಗೆ ಅಡ್ಡ ನಿಂತಿದ್ದೀಯ," ಅಂದಳು.

ಅಮ್ಮ ಬಾಗಿಲು ಬಿಟ್ಟು ಒಳಗೆ ಬಂದು, ಉಳಿಗಳು ತೂಗುತ್ತಿದ್ದ ಗೋಡೆಗೆ ಒರಗಿ ನಿಂತಳು. ಅವಳನ್ನು ಯಾರೂ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.